‘ದಿ ಮೋರ್, ದಿ ಬೆಟರ್’: ಈ ‘ದಿ’ ಬೇರೆ, ಆ ‘ದಿ’ ಬೇರೆ

ಪ್ರಶ್ನೆ: ನಾನು ಮಾಲೂರು ತಾಲ್ಲೂಕಿನವನು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಓದಿದ್ದೆಲ್ಲ ಕನ್ನಡ ಮೀಡಿಯಂ. ಹೋದ ತಿಂಗಳು ಒಂದು ಮೇಲ್‌ನಲ್ಲಿ ‘ಹೌ ಮಚ್ ಅರ್ಲಿ ವಿ ಗೆಟ್ ದಿ ಪಾರ್ಟ್ಸ್, ದಟ್ ಮಚ್ ಅರ್ಲಿ ವಿ ವಿಲ್ ಡಿಸ್ಪ್ಯಾಚ್’ ಅಂತ ಬರೆದೆ. ಮ್ಯಾನೇಜರ್ ಅದನ್ನು ‘ದಿ ಅರ್ಲಿಯರ್ ವಿ ಗೆಟ್ ದಿ ಪಾರ್ಟ್ಸ್, ದಿ ಅರ್ಲಿಯರ್ ವಿ ಕ್ಯಾನ್ ಡಿಸ್ಪ್ಯಾಚ್’ ಅಂತ ತಿದ್ದಿದರು. ‘ದಿ’ ಬರುವುದು ನಾಮಪದದ ಮುಂದೆ ಅಲ್ವಾ? ‘ಅರ್ಲಿಯರ್’ ಮುಂದೆ ಯಾಕೆ ಬಂತು? ಎರಡು ಕಂಪ್ಯಾರೇಟಿವ್ (‘ಬೆಟರ್’, ‘ಅರ್ಲಿಯರ್’ ಥರದ ಹೋಲಿಕೆಯ ರೂಪ) ಒಟ್ಟಿಗೆ ಬಂದರೆ ‘ಡಬಲ್ ಕಂಪ್ಯಾರೇಟಿವ್’, ಅದು ತಪ್ಪು ಅಂತ ಹೈಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಅದು ಸರಿ ಹೇಗಾಯಿತು? ಕೊನೆಯದಾಗಿ, ಮ್ಯಾನೇಜರ್ ಎಷ್ಟೋ ಸಲ ‘ದಿ ಸೂನರ್ ದಿ ಬೆಟರ್’ ಅಂತಷ್ಟೇ ಉತ್ತರ ಕಳಿಸುತ್ತಾರೆ. ಅದರಲ್ಲಿ ಕ್ರಿಯಾಪದವೇ ಇಲ್ಲ. ಅದೂ ಒಂದು ವಾಕ್ಯವೇ?

ಉತ್ತರ: ನಿಮ್ಮ ವಾಕ್ಯ ಓದಿ ನಗು ಬಂತು. ನಿಮ್ಮನ್ನು ಆಡಿಕೊಂಡು ಅಲ್ಲ. ಹಳೇ ಪರಿಚಯದವರು ಬಸ್ ಸ್ಟ್ಯಾಂಡಿನಲ್ಲಿ ಎದುರಾದ ಹಾಗಾಯಿತು. ಕೋಲಾರದಲ್ಲಿ ನಾನು ಇಂಗ್ಲಿಷ್ ಪಾಠ ಮಾಡಿದ ಅಷ್ಟೂ ವರ್ಷ, ಪ್ರತಿ ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಈ ‘ಹೌ ಮಚ್, ದಟ್ ಮಚ್’ ಜೋಡಿ ಸಿಕ್ಕೇ ಸಿಗುತ್ತಿತ್ತು. ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತಿದ್ದೆ. ಅದು ಎಲ್ಲಿಂದ ಬಂತು ಅಂತ ವಿಚಾರ ಮಾಡಿದ್ದು ತುಂಬಾ ತಡವಾಗಿ.

ಬಂದದ್ದು ನಮ್ಮ ಮನೆಯಿಂದಲೇ. ‘ಎಷ್ಟು ಬೇಗ ಪಾರ್ಟ್ಸ್ ಬರುತ್ತೋ ಅಷ್ಟು ಬೇಗ ಕಳಿಸ್ತೀವಿ.’ ಇದು ಒಳ್ಳೆಯ ಕನ್ನಡ. ಇದರ ಒಂದೊಂದು ಪದಕ್ಕೂ ಒಂದೊಂದು ಇಂಗ್ಲಿಷ್ ಪದ ಇಟ್ಟರೆ ನಿಮ್ಮ ಮೇಲ್ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅನ್ನುವ ಮಕ್ಕಳು ಬೇಕಾದಷ್ಟು. ಅವರೂ ಇದನ್ನೇ ಬರೆಯುತ್ತಾರೆ, ಯಾಕೆಂದರೆ ತೆಲುಗಿನಲ್ಲೂ ‘ಎಂತ ತ್ವರಗಾ ವಸ್ತೇ ಅಂತ ಮಂಚಿದಿ’. ಅಲ್ಲಿ ಎಂತ–ಅಂತ, ಇಲ್ಲಿ ಎಷ್ಟು–ಅಷ್ಟು. ಎರಡು ಭಾಷೆಯಲ್ಲೂ ಒಂದು ಕೇಳುವ ಪದ, ಒಂದು ಉತ್ತರ ಕೊಡುವ ಪದ. ಇಂಗ್ಲಿಷಿನಲ್ಲೂ ಇಂಥ ಜೋಡಿ ಇದೆ. ಆದರೆ ಅಲ್ಲಿ ಕೇಳುವುದಕ್ಕೂ ಉತ್ತರಕ್ಕೂ ಒಂದೇ ಪದ, ‘ದಿ’. ನೋಡುವುದಕ್ಕೆ ನಾಮಪದದ ಮುಂದೆ ಬರುವ ‘ದಿ’, ಅಂದರೆ ಆರ್ಟಿಕಲ್, ಥರಾನೇ ಇರುವುದರಿಂದ ನಾವು ಅದನ್ನು ಗುರುತಿಸುವುದಿಲ್ಲ, ಅಷ್ಟೇ.

ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಇದೆ. ಈ ‘ದಿ’ ಆರ್ಟಿಕಲ್ ಅಲ್ಲ. ದೊಡ್ಡ ನಿಘಂಟುಗಳು ಇದನ್ನು ಬೇರೆ ನಮೂದಾಗಿ, ಕ್ರಿಯಾವಿಶೇಷಣ ಅಂತ ಕೊಡುತ್ತವೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೆ ಕನ್ನಡದ ಹಾಗೆ ವಿಭಕ್ತಿಗಳಿದ್ದವು. ನಾವು ‘ಅದು, ಅದನ್ನು, ಅದರಿಂದ, ಅದಕ್ಕೆ’ ಅನ್ನುತ್ತೇವಲ್ಲ, ಹಾಗೆ ಅವರ ‘ಅದು’ ಕೂಡ ರೂಪ ಬದಲಿಸುತ್ತಿತ್ತು. ಅದರಲ್ಲಿ ನಮ್ಮ ತೃತೀಯಾ ವಿಭಕ್ತಿಯ ಹಾಗೆ, ‘ಅದರಿಂದ, ಅಷ್ಟರಿಂದ’ ಅನ್ನುವ ಅರ್ಥದ ಒಂದು ರೂಪವಿತ್ತು. ಕಾಲ ಕಳೆದಂತೆ ವಿಭಕ್ತಿಗಳೆಲ್ಲ ಉದುರಿದವು. ಆ ರೂಪ ಸವೆದು ‘ದಿ’ ಆಯಿತು. ಆರ್ಟಿಕಲ್ ‘ದಿ’ ಹುಟ್ಟಿದ್ದೂ ಅದೇ ‘ಅದು’ವಿನ ಮನೆಯಲ್ಲಿ, ಆದರೆ ಬೇರೆ ರೂಪಗಳಿಂದ. ಅಣ್ಣ ತಮ್ಮಂದಿರು ಅನ್ನಿ. ಮುಖ ಒಂದೇ, ಕಸುಬು ಬೇರೆ.

ಹಾಗಾಗಿ ‘ದಿ ಅರ್ಲಿಯರ್, ದಿ ಅರ್ಲಿಯರ್’ ಅಂದರೆ ‘ಎಷ್ಟರಿಂದ ಬೇಗವೋ ಅಷ್ಟರಿಂದ ಬೇಗ’. ನಿಮ್ಮ ತಲೆಯಲ್ಲಿದ್ದ ಕನ್ನಡವೇ.

ಈ ಹಳೇ ‘ದಿ’ ಇನ್ನೂ ಕೆಲವು ಕಡೆ ಬಚ್ಚಿಟ್ಟುಕೊಂಡಿದೆ. ‘ನೆವರ್‌ದಿಲೆಸ್’ ಅನ್ನು ಬಿಡಿಸಿ ನೋಡಿ: ನೆವರ್, ದಿ, ಲೆಸ್. ‘ಅದರಿಂದೇನೂ ಕಡಿಮೆ ಆಗದೆ’, ಅಂದರೆ ‘ಆದರೂ’. ಒಂದು ಗಂಟೆ ವಿವರಣೆ ಕೇಳಿದ ಮೇಲೂ ಏನೂ ತಿಳಿಯಲಿಲ್ಲ ಅನ್ನುವುದಕ್ಕೆ ‘ಐ ವಾಸ್ ನನ್ ದಿ ವೈಸರ್’ ಅನ್ನುತ್ತಾರೆ. ಅಲ್ಲೂ ಅದೇ ‘ದಿ’. ‘ಅದರಿಂದ ನಾನೇನೂ ಜಾಣ ಆಗಲಿಲ್ಲ’ ಅಂತ. ಪಾಠ ಮುಗಿಸಿ ಹೊರಗೆ ಬರುವಾಗ ಎಷ್ಟೋ ಹುಡುಗರ ಮುಖದಲ್ಲಿ ಈ ವಾಕ್ಯ ನಾನೇ ಓದಿದ್ದೇನೆ.

ಒಂದು ಎಚ್ಚರ. ‘ದಿ ಟಾಲರ್ ಆಫ್ ದಿ ಟೂ’, ಇಬ್ಬರಲ್ಲಿ ಎತ್ತರದವನು, ಅನ್ನುವಾಗ ಕಂಪ್ಯಾರೇಟಿವ್ ಮುಂದೆ ಬರುವುದು ಮಾಮೂಲಿ ಆರ್ಟಿಕಲ್ಲೇ. ಅಲ್ಲಿ ಒಬ್ಬ ಮನುಷ್ಯನನ್ನು ತೋರಿಸುತ್ತಿದ್ದೇವೆ. ಅಳತೆ ಹೇಳುತ್ತಿಲ್ಲ.

ಈಗ ಹೆಸರಿನ ಗೊಂದಲ. ‘ಡಬಲ್ ಕಂಪ್ಯಾರೇಟಿವ್’ ಅಂತ ಜನ ಮೂರು ಬೇರೆ ಬೇರೆ ವಸ್ತುಗಳಿಗೆ ಹೇಳುತ್ತಾರೆ. ನಿಮ್ಮ ಮ್ಯಾನೇಜರ್ ಬರೆದ ‘ದಿ, ದಿ’ ಜೋಡಿ ಒಂದು. ‘ಹಾಟರ್ ಅಂಡ್ ಹಾಟರ್’ ಥರದ್ದು ಇನ್ನೊಂದು. ‘ಮೋರ್ ಬೆಟರ್’ ಮೂರನೆಯದು. ಹೈಸ್ಕೂಲಿನಲ್ಲಿ ತಪ್ಪು ಅಂದದ್ದು ಮೂರನೆಯದನ್ನು ಮಾತ್ರ. ಮೊದಲೆರಡು ಒಳ್ಳೆಯ ಇಂಗ್ಲಿಷ್. ಒಂದೇ ಹೆಸರಿನ ಮೂವರಲ್ಲಿ ಒಬ್ಬ ಕಳ್ಳ ಆದರೆ ಉಳಿದಿಬ್ಬರಿಗೂ ಕಾಟ ಅನ್ನುವ ಹಾಗಾಗಿದೆ.

ಮೊದಲನೆಯದರ ಬಗ್ಗೆ ಸ್ವಲ್ಪ ಹೊತ್ತು ಕೂತು ಮಾತಾಡೋಣ. ನಮ್ಮವರು ಎಡವುವುದು ಅಲ್ಲೇ ಜಾಸ್ತಿ.

ಎಷ್ಟು–ಅಷ್ಟು ಗೊತ್ತಿದ್ದ ಮೇಲೆ ‘ದಿ’ ಅರ್ಥ ಮಾಡಿಕೊಳ್ಳುವುದು ಸುಲಭ. ಆದರೆ ಕನ್ನಡ ನಮ್ಮನ್ನು ಬಾಗಿಲ ತನಕ ಮಾತ್ರ ತಂದು ಬಿಡುತ್ತದೆ. ಕನ್ನಡದಲ್ಲಿ ಗುಣವಾಚಕ ರೂಪ ಬದಲಿಸುವುದಿಲ್ಲ. ‘ಬೇಗ’ ಯಾವಾಗಲೂ ಬೇಗ. ‘ಅದಕ್ಕಿಂತ ಬೇಗ’ ಅಂದರೂ ಬೇಗ, ‘ಎಷ್ಟು ಬೇಗ’ ಅಂದರೂ ಬೇಗ. ಹೋಲಿಕೆಯ ಕೆಲಸವೆಲ್ಲ ‘ಗಿಂತ’ ಮಾಡುತ್ತದೆ, ಅಳತೆಯ ಕೆಲಸವೆಲ್ಲ ‘ಎಷ್ಟು’ ಮಾಡುತ್ತದೆ. ಇಂಗ್ಲಿಷಿನಲ್ಲಿ ಗುಣವಾಚಕವೇ ರೂಪ ಬದಲಿಸಬೇಕು. ‘ದಿ’ ಬಂತು ಅಂದರೆ ‘ಅರ್ಲಿ’ ಸಾಲದು, ‘ಅರ್ಲಿಯರ್’ ಬೇಕು. ‘ಡೀಪ್’ ಸಾಲದು, ‘ಡೀಪರ್’ ಬೇಕು. ನಿಮ್ಮ ವಾಕ್ಯದಲ್ಲಿ ‘ಅರ್ಲಿ’ ಹಾಗೇ ಉಳಿದದ್ದಕ್ಕೆ ಕಾರಣ ಇದು.

ಎರಡನೇ ಎಡವಟ್ಟು ಪದ ಇಡುವ ಜಾಗದ್ದು. ಅಂತರಗಂಗೆ ಬೆಟ್ಟ ಹತ್ತಿದ್ದೀರಲ್ಲ? ಅಲ್ಲಿನ ಕೋತಿಗಳಿಗೆ ಕೈಯಲ್ಲಿರುವುದನ್ನು ಕೊಟ್ಟಷ್ಟೂ ಅವುಗಳ ಧೈರ್ಯ ಜಾಸ್ತಿ. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅಂದಾಗ ತರಗತಿಯಲ್ಲಿ ಹೆಚ್ಚಾಗಿ ಸಿಗುತ್ತಿದ್ದ ಉತ್ತರ: ‘ದಿ ಮೋರ್ ಯು ಫೀಡ್ ದೆಮ್, ದೇ ಬಿಕಮ್ ಮೋರ್ ಬೋಲ್ಡ್.’ ಮೊದಲರ್ಧ ಚೆನ್ನಾಗಿದೆ. ಎರಡನೇ ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ, ‘ದಿ’ ಬಿಟ್ಟು, ಮಾಮೂಲಿ ವಾಕ್ಯ ಮಾಡಿಬಿಟ್ಟಿದ್ದಾರೆ. ಸರಿಯಾದದ್ದು ‘ದಿ ಮೋರ್ ಯು ಫೀಡ್ ದೆಮ್, ದಿ ಬೋಲ್ಡರ್ ದೇ ಗೆಟ್’. ಎಷ್ಟು ಅಂತ ಶುರು ಮಾಡಿದ ಮೇಲೆ ಅಷ್ಟು ಅಂತ ಮುಗಿಸಲೇಬೇಕು. ಕನ್ನಡದಲ್ಲಿ ‘ಎಷ್ಟು ಕೊಡ್ತೀಯೋ ಧೈರ್ಯ ಬರುತ್ತೆ’ ಅಂದರೆ ಕಿವಿಗೆ ಏನೋ ಬಿಟ್ಟು ಹೋದ ಹಾಗೆ ಇರುತ್ತದೆ. ಇಂಗ್ಲಿಷ್ ಕಿವಿಗೂ ಹಾಗೇ.

ಅಳೆಯುವ ಪದ ಯಾವುದೋ ಅದು ‘ದಿ’ ಪಕ್ಕದಲ್ಲೇ, ವಾಕ್ಯದ ತಲೆಯಲ್ಲಿ ಕೂರಬೇಕು. ಕರ್ತೃ, ಕ್ರಿಯಾಪದ ಆಮೇಲೆ. ‘ದಿ ಮೋರ್ ಯು ಡ್ರೈವ್ ಫಾಸ್ಟ್’ ಅಂತ ಬರೆಯುವವರು ‘ಮೋರ್’ ಅನ್ನು ಮುಂದೆ ಕಳಿಸಿ ‘ಫಾಸ್ಟ್’ ಅನ್ನು ಹಿಂದೆ ಬಿಟ್ಟುಬಿಡುತ್ತಾರೆ. ಅಳೆಯುತ್ತಿರುವುದು ವೇಗವನ್ನು. ಹಾಗಾಗಿ ‘ದಿ ಫಾಸ್ಟರ್ ಯು ಡ್ರೈವ್’. ನಾಮಪದವನ್ನು ಅಳೆಯುತ್ತಿದ್ದರೆ ಅದೂ ಜೊತೆಯಲ್ಲೇ ಮುಂದೆ ಬರಬೇಕು. ‘ದಿ ಮೋರ್ ಕೇರ್‌ಫುಲ್ ಯು ಆರ್, ದಿ ಫ್ಯೂಯರ್ ಮಿಸ್ಟೇಕ್ಸ್ ಯು ಮೇಕ್.’ ಇಲ್ಲಿ ‘ಮಿಸ್ಟೇಕ್ಸ್’ ತನ್ನ ‘ಫ್ಯೂಯರ್’ ಕೈ ಹಿಡಿದುಕೊಂಡು ಕ್ರಿಯಾಪದವನ್ನು ದಾಟಿ ಮುಂದೆ ಬಂದಿದೆ. ಇದು ನಮಗೆ ವಿಚಿತ್ರ ಅನಿಸಬಾರದು. ‘ಎಷ್ಟು ಕೆಲಸ ಮಾಡ್ತೀಯೋ’ ಅನ್ನುವಾಗ ಕನ್ನಡದಲ್ಲೂ ಕೆಲಸ ಎಷ್ಟರ ಪಕ್ಕದಲ್ಲೇ ಇದೆ. ‘ಎಷ್ಟು ಮಾಡ್ತೀಯೋ ಕೆಲಸ’ ಅಂತ ಯಾರೂ ಬರೆಯುವುದಿಲ್ಲ.

ಚಿಕ್ಕ ಪದಕ್ಕೆ ‘ಅರ್’, ಉದ್ದ ಪದಕ್ಕೆ ‘ಮೋರ್’ ಅನ್ನುವ ನಿಯಮ ನಿಮಗೆ ಗೊತ್ತಿದೆ. ಅದು ಇಲ್ಲೂ ಹಾಗೇ ನಡೆಯುತ್ತದೆ. ಮುಂದೆ ಹೋಗೋಣ.

ಎರಡು ಅರ್ಧಗಳಲ್ಲಿ ಯಾವುದು ಮೊದಲು? ಕಾರಣ ಮೊದಲು, ಪರಿಣಾಮ ಆಮೇಲೆ. ಅದೃಷ್ಟಕ್ಕೆ ಕನ್ನಡದ ಕ್ರಮವೂ ಇದೇ. ನಮ್ಮ ಎಪಿಎಂಸಿ ಟೊಮ್ಯಾಟೊ ಮಾರುಕಟ್ಟೆಯನ್ನೇ ತಗೊಳ್ಳಿ. ‘ದಿ ಮೋರ್ ಟೊಮ್ಯಾಟೋಸ್ ಕಮ್ ಇನ್, ದಿ ಲೋವರ್ ದಿ ಪ್ರೈಸ್ ಗೋಸ್.’ ಮಾಲು ಜಾಸ್ತಿ ಬಂದಷ್ಟೂ ರೇಟು ಇಳಿಯುತ್ತದೆ. ಈಗ ಮುಂದಿನದನ್ನು ಹಿಂದೆ ಮಾಡಿ. ‘ದಿ ಲೋವರ್ ದಿ ಪ್ರೈಸ್ ಗೋಸ್, ದಿ ಮೋರ್ ಟೊಮ್ಯಾಟೋಸ್ ಕಮ್ ಇನ್.’ ರೇಟು ಇಳಿದಷ್ಟೂ ಮಾಲು ಜಾಸ್ತಿ ಬರುತ್ತದೆ! ವ್ಯಾಕರಣದಲ್ಲಿ ಕೊಂಕಿಲ್ಲ, ಆದರೆ ಯಾವ ರೈತರೂ ಒಪ್ಪುವುದಿಲ್ಲ. ರೇಟು ನೆಲ ಕಚ್ಚಿದಾಗ ಕೂಲಿ, ಬಾಡಿಗೆ ಹುಟ್ಟಲ್ಲ ಅಂತ ಹಣ್ಣನ್ನು ಗಿಡದಲ್ಲೇ ಬಿಡುವವರಿದ್ದಾರೆ. ಅದಕ್ಕೆ ವಾಕ್ಯ ಬೇರೆ: ‘ದಿ ಲೋವರ್ ದಿ ಪ್ರೈಸ್ ಗೋಸ್, ದಿ ಫ್ಯೂಯರ್ ಟೊಮ್ಯಾಟೋಸ್ ದೇ ಪಿಕ್.’ 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದು ನೆನಪಿದೆಯಲ್ಲ? ಆಗ ಮಾಲೇ ಕಡಿಮೆ. ‘ದಿ ಫ್ಯೂಯರ್ ಟೊಮ್ಯಾಟೋಸ್ ಕೇಮ್ ಇನ್, ದಿ ಹೈಯರ್ ದಿ ಪ್ರೈಸ್ ವೆಂಟ್.’ ಒಂದು ಬೆಳೆ ಇಟ್ಟುಕೊಂಡೇ ಅರ್ಧ ವ್ಯಾಕರಣ ಹೇಳಿಬಿಡಬಹುದು.

ಈ ವಾಕ್ಯಗಳಲ್ಲಿ ‘ಪ್ರೈಸ್’ ಮುಂದೆ ಇರುವ ‘ದಿ’ ಮಾತ್ರ ಆರ್ಟಿಕಲ್. ‘ದಿ ಲೋವರ್ ದಿ ಪ್ರೈಸ್’ ಅನ್ನುವಲ್ಲಿ ಅಣ್ಣ ತಮ್ಮ ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿದ್ದಾರೆ. ಎರಡು ‘ದಿ’ ಬಂತಲ್ಲ, ಒಂದು ಹೊಡೆದು ಹಾಕೋಣ ಅಂತ ಕೈ ಹಾಕಬೇಡಿ.

ಇನ್ನೊಂದು ರಚನೆಯೂ ಇದೆ, ಅದನ್ನು ಪುಸ್ತಕಗಳಲ್ಲಿ ಕಡಿಮೆ ಹೇಳುತ್ತಾರೆ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ‘ದಿ ಡೀಪರ್ ದೇ ಡಗ್, ದಿ ಹಾಟರ್ ಇಟ್ ಗಾಟ್.’ ಅಗೆದಷ್ಟೂ ಸೆಕೆ. ಇದನ್ನೇ ‘ಇಟ್ ಗಾಟ್ ಹಾಟರ್ ದಿ ಡೀಪರ್ ದೇ ಡಗ್’ ಅಂತಲೂ ಹೇಳಬಹುದು. ‘ಸೆಕೆ ಜಾಸ್ತಿ ಆಗ್ತಿತ್ತು, ಆಳ ಹೋದಷ್ಟೂ’ ಅಂದ ಹಾಗೆ. ಹೀಗೆ ತಿರುಗಿಸಿದಾಗ ಪರಿಣಾಮದ ಭಾಗ ಮುಂದೆ ಬಂದು ಮಾಮೂಲಿ ವಾಕ್ಯ ಆಗುತ್ತದೆ, ಅದಕ್ಕೆ ‘ದಿ’ ಬೇಡ. ಕಾರಣದ ಭಾಗಕ್ಕೆ ಮಾತ್ರ ‘ದಿ’ ಉಳಿಯುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವಾಗ ಇಂಗ್ಲಿಷಿನವರು ಇದನ್ನು ಸಲೀಸಾಗಿ ಬಳಸುತ್ತಾರೆ. ನೀವು ಮೊದಲ ರೂಪ ಚೆನ್ನಾಗಿ ಕೈಗೆ ಹತ್ತಿದ ಮೇಲೆ ಇದಕ್ಕೆ ಕೈ ಹಾಕಿ.

ಭವಿಷ್ಯದ ಮಾತಾದರೆ ಮೊದಲರ್ಧದಲ್ಲಿ ‘ವಿಲ್’ ಬರಬಾರದು. ‘ಇಫ್’ ಬಂದಾಗ ಹೇಗೆ ಬರುವುದಿಲ್ಲವೋ ಹಾಗೆ. ‘ದಿ ಸೂನರ್ ಯು ಸೆಂಡ್ ದಿ ಬಿಲ್, ದಿ ಸೂನರ್ ವಿ ವಿಲ್ ಪೇ.’ ಎರಡನೇ ಅರ್ಧದಲ್ಲಿ ‘ವಿಲ್’ ಬರಬಹುದು. ನಿಮ್ಮ ‘ವಿ ವಿಲ್ ಡಿಸ್ಪ್ಯಾಚ್’ ಅನ್ನು ಮ್ಯಾನೇಜರ್ ‘ವಿ ಕ್ಯಾನ್ ಡಿಸ್ಪ್ಯಾಚ್’ ಮಾಡಿದ್ದು ಹಾಗಾಗಿ ವ್ಯಾಕರಣದ ತಿದ್ದುಪಡಿ ಅಲ್ಲ. ‘ಕಳಿಸ್ತೀವಿ’ ಅಂದರೆ ಮಾತು ಕೊಟ್ಟ ಹಾಗೆ, ‘ಕಳಿಸೋಕಾಗುತ್ತೆ’ ಅಂದರೆ ಕೈಯಲ್ಲಿ ಸ್ವಲ್ಪ ಜಾಗ ಉಳಿಸಿಕೊಂಡ ಹಾಗೆ. ಅದು ಮ್ಯಾನೇಜರ್ ಬುದ್ಧಿ. ಕಲಿಯುವಂಥದ್ದೇ.

ಈಗ ಒಂದು ಗುಂಡಿ ತೋರಿಸುತ್ತೇನೆ. ‘ದಿ’ ಅಂದರೆ ಎಷ್ಟು–ಅಷ್ಟು ಅಂತ ಹೇಳಿಕೊಟ್ಟ ಮೇಲೆ ನನ್ನ ಮಕ್ಕಳು ಸಾಲಾಗಿ ಹೋಗಿ ಬಿದ್ದ ಗುಂಡಿ ಇದು. ಬೀಳಿಸಿದವರು ನಾನೇ ಅನ್ನಬೇಕು. ‘ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಬಾ’ ಅನ್ನುವುದನ್ನು ಇಂಗ್ಲಿಷಿಗೆ ತನ್ನಿ ಅಂದೆ. ಒಬ್ಬ ಹುಡುಗ ಎದ್ದು ನಿಂತು ‘ದಿ ಸೂನರ್ ಪಾಸಿಬಲ್, ದಿ ಸೂನರ್ ಕಮ್’ ಅಂದ. ನಾನು ಕೊಟ್ಟ ಸೂತ್ರವನ್ನು ಚಾಚೂ ತಪ್ಪದೆ ಪಾಲಿಸಿದ್ದ. ಆದರೆ ಇದಕ್ಕೆ ಇಂಗ್ಲಿಷಿನವರು ‘ಕಮ್ ಆಸ್ ಸೂನ್ ಆಸ್ ಪಾಸಿಬಲ್’ ಅನ್ನುತ್ತಾರೆ.

ಯಾಕೆ? ಕನ್ನಡದ ಎಷ್ಟು–ಅಷ್ಟು ಎರಡು ಕೆಲಸ ಮಾಡುತ್ತದೆ. ಒಂದು, ಎರಡು ಅಳತೆ ಸಮ ಅಂತ ಹೇಳುವುದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂದಾಗ ಹಾಸಿಗೆ ಬೆಳೆಯುತ್ತಿಲ್ಲ. ಇದ್ದಷ್ಟೇ ಇದೆ. ಕಾಲೂ ಅಷ್ಟೇ ಇರಲಿ ಅನ್ನುತ್ತಿದ್ದೇವೆ. ‘ಬೇಕಾದಷ್ಟು ತಗೋ’ ಕೂಡ ಹಾಗೇ, ‘ಟೇಕ್ ಆಸ್ ಮಚ್ ಆಸ್ ಯು ವಾಂಟ್’. ಇದಕ್ಕೆಲ್ಲ ಇಂಗ್ಲಿಷಿನಲ್ಲಿ ‘ಆಸ್, ಆಸ್’. ಎರಡನೇ ಕೆಲಸ, ಒಂದು ಬದಲಾದ ಹಾಗೆ ಇನ್ನೊಂದೂ ಬದಲಾಗುತ್ತದೆ ಅಂತ ಹೇಳುವುದು. ತಿಕ್ಕಿದಷ್ಟೂ ಹೊಳಪು, ಅಗೆದಷ್ಟೂ ಸೆಕೆ. ಇದಕ್ಕೆ ‘ದಿ, ದಿ’.

ಗುರುತಿಸುವುದು ಹೇಗೆ? ಕನ್ನಡವೇ ಒಂದು ಸುಳಿವು ಕೊಡುತ್ತದೆ. ಬದಲಾಗುವ ಅರ್ಥ ಇದ್ದಾಗ ನಾವು ಕೊನೆಯನ್ನು ಎಳೆದು ‘ಅಷ್ಟೂ’ ಅನ್ನುತ್ತೇವೆ. ‘ಕೊಟ್ಟಷ್ಟು ತಗೊಂಡ’ ಅಂದರೆ ಕೊಟ್ಟದ್ದನ್ನು ತಗೊಂಡ, ಕಥೆ ಮುಗಿಯಿತು. ‘ಕೊಟ್ಟಷ್ಟೂ ಬೇಕು ಅಂತಾನೆ’ ಅಂದರೆ ಕೊಡುತ್ತಾ ಹೋದ ಹಾಗೆ ಆಸೆ ಏರುತ್ತಿದೆ. ‘ದಿ ಮೋರ್ ಯು ಗಿವ್ ಹಿಮ್, ದಿ ಮೋರ್ ಹೀ ವಾಂಟ್ಸ್.’ ಒಂದು ದೀರ್ಘ ಸ್ವರದಲ್ಲಿ ಇಡೀ ವ್ಯತ್ಯಾಸ ಇದೆ. ಈ ಸುಳಿವು ನೂರಕ್ಕೆ ನೂರು ಕೆಲಸ ಮಾಡುತ್ತೆ ಅನ್ನಲ್ಲ, ‘ಅಷ್ಟೂ ಹಣ ಕೊಟ್ಟೆ’ ಅಂದಾಗ ‘ಪೂರ್ತಿ’ ಅಂತ ಅರ್ಥ. ಅನುಮಾನ ಬಂದರೆ ಹೀಗೆ ಕೇಳಿಕೊಳ್ಳಿ: ಇಲ್ಲಿ ಏನಾದರೂ ಏರುತ್ತಿದೆಯೇ, ಇಳಿಯುತ್ತಿದೆಯೇ? ಇಲ್ಲ ಅಂದರೆ ‘ದಿ’ ಬೇಡ.

ಇಷ್ಟೆಲ್ಲ ಆದ ಮೇಲೂ ಕೆಲವು ಕನ್ನಡ ವಾಕ್ಯ ಬಗ್ಗುವುದಿಲ್ಲ. ‘ಈ ಕೆಲಸ ಮಾಡಿದಷ್ಟೂ ಮುಗಿಯಲ್ಲ’ ಅನ್ನುತ್ತೇವೆ. ಎರಡನೇ ಅರ್ಧದಲ್ಲಿ ಅಳತೆಯೇ ಇಲ್ಲ, ಬರೀ ‘ಮುಗಿಯಲ್ಲ’. ಇಂಗ್ಲಿಷಿಗೆ ಅಲ್ಲೂ ಒಂದು ಅಳತೆ ಬೇಕು. ‘ದಿ ಮೋರ್ ಐ ಡೂ, ದಿ ಮೋರ್ ದೇರ್ ಈಸ್ ಟು ಡೂ’ ಅಂತ ಹೊಸದಾಗಿ ಕಟ್ಟಬೇಕು. ನನಗೇನೋ ಕನ್ನಡದ್ದೇ ಚೆಂದ ಅನಿಸುತ್ತದೆ. ಎರಡೇ ಪದದಲ್ಲಿ ಸುಸ್ತು ಪೂರ್ತಿ ಬಂದುಬಿಡುತ್ತದೆ.

ಎರಡನೇ ಬಗೆ, ‘ಮೋರ್ ಅಂಡ್ ಮೋರ್’. ಇಲ್ಲಿ ಎರಡು ಅಳತೆ ಇಲ್ಲ, ಒಂದೇ ಅಳತೆ ಒಂದೇ ದಿಕ್ಕಿಗೆ ಹೋಗುತ್ತಿದೆ. ಕನ್ನಡದಲ್ಲಿ ನಾವು ಇದಕ್ಕೆ ಕ್ರಿಯಾಪದವನ್ನು ಎರಡು ಸಲ ಹೇಳುತ್ತೇವೆ: ಹೋಗ್ತಾ ಹೋಗ್ತಾ, ಬರ್ತಾ ಬರ್ತಾ. ‘ಬರ್ತಾ ಬರ್ತಾ ರಾಯರ ಕುದುರೆ ಕತ್ತೆ ಆಯ್ತು.’ ಇಲ್ಲ ಅಂದರೆ ದಿನವನ್ನೇ ಎರಡು ಸಲ ಹೇಳುತ್ತೇವೆ: ದಿನೇ ದಿನೇ, ವರ್ಷದಿಂದ ವರ್ಷಕ್ಕೆ. ಇಂಗ್ಲಿಷಿನಲ್ಲಿ ಎರಡು ಸಲ ಬರುವುದು ಕಂಪ್ಯಾರೇಟಿವ್. ನಮ್ಮ ಕಡೆ ಬೋರ್‌ವೆಲ್ ಕೊರೆಸುವಾಗ 1,000 ಅಡಿ ದಾಟುವುದು ಈಗ ಯಾರಿಗೂ ಸುದ್ದಿ ಅಲ್ಲ. ‘ಬೋರ್‌ವೆಲ್ಸ್ ಆರ್ ಗೆಟಿಂಗ್ ಡೀಪರ್ ಅಂಡ್ ಡೀಪರ್.’ ಬರ್ತಾ ಬರ್ತಾ ಆಳ ಆಗುತ್ತಿವೆ. ಪದ ಉದ್ದ ಇದ್ದರೆ ‘ಮೋರ್’ ಮಾತ್ರ ಎರಡು ಸಲ, ಪದ ಒಂದೇ ಸಲ: ‘ಮೋರ್ ಅಂಡ್ ಮೋರ್ ಎಕ್ಸ್‌ಪೆನ್ಸಿವ್’. ‘ಮೋರ್ ಎಕ್ಸ್‌ಪೆನ್ಸಿವ್ ಅಂಡ್ ಮೋರ್ ಎಕ್ಸ್‌ಪೆನ್ಸಿವ್’ ಅಂತ ಎಳೆಯಬೇಡಿ. ‘ಮೋರ್ ಅಂಡ್ ಮೋರ್ ಡೀಪರ್’ ಕೂಡ ಬೇಡ.

ಯಾಕೆ ಬೇಡ ಅನ್ನುವುದು ಮೂರನೇ ಬಗೆಗೆ ಸೇರಿದ ಮಾತು. ‘ಡೀಪರ್’ನಲ್ಲಿ ‘ಇನ್ನೂ’ ಅನ್ನುವುದು ಆಗಲೇ ಸೇರಿಹೋಗಿದೆ. ಮೇಲೆ ‘ಮೋರ್’ ಬೇರೆ ಹಾಕಿದರೆ ಸಕ್ಕರೆ ಹಾಕಿದ ಕಾಫಿಗೆ ಮತ್ತೆ ಸಕ್ಕರೆ. ‘ಮೋರ್ ಬೆಟರ್’ ತಪ್ಪು ಆಗುವುದು ಹೀಗೆ. ನಮ್ಮವರು ಅದನ್ನು ಬರೆಯುವುದಕ್ಕೂ ಕನ್ನಡದಲ್ಲೇ ಕಾರಣ ಇದೆ. ‘ಇದು ಇನ್ನೂ ಚೆನ್ನಾಗಿದೆ’ ಅನ್ನುತ್ತೇವಲ್ಲ, ಆ ‘ಇನ್ನೂ’ಗೆ ಒಂದು ಪದ ಬೇಕು ಅಂತ ಮನಸ್ಸು ಕೇಳುತ್ತದೆ, ಕೈಗೆ ‘ಮೋರ್’ ಸಿಗುತ್ತದೆ. ಆ ‘ಇನ್ನೂ’ಗೆ ಇಂಗ್ಲಿಷಿನಲ್ಲಿ ‘ಈವನ್’ ಇದೆ: ‘ಈವನ್ ಬೆಟರ್’. ‘ತುಂಬಾ’ ಅನ್ನಬೇಕಿದ್ದರೆ ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’. ‘ವೆರಿ ಬೆಟರ್’ ಅನ್ನುವಂತಿಲ್ಲ.

ಆದರೆ ಇದು ಇಂಗ್ಲಿಷ್ ಹುಟ್ಟಿದಾಗಿನಿಂದ ಬಂದ ನಿಯಮ ಅಂದುಕೊಳ್ಳಬೇಡಿ. ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿ, ಬ್ರೂಟಸ್‌ನ ಇರಿತವನ್ನು ‘ಮೋಸ್ಟ್ ಅನ್‌ಕೈಂಡೆಸ್ಟ್’ ಅನ್ನುತ್ತಾನೆ. ‘ಎಸ್ಟ್’ ಇದ್ದರೂ ಮೇಲೆ ‘ಮೋಸ್ಟ್’. ಆಗ ಅದು ಒತ್ತಿ ಹೇಳುವ ರೀತಿ, ತಪ್ಪಲ್ಲ. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ ಒಂದು ವ್ಯಾಕರಣ ಬರೆದರು. ಅದರಲ್ಲಿ ಇಂಥ ಎರಡೆರಡು ಹೋಲಿಕೆ ಸಲ್ಲದು ಅಂದರು. ಆ ಕಾಲದ ವ್ಯಾಕರಣಕಾರರಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಶಾಲೆಗಳು ಅವರ ಹಿಂದೆ ಹೋದವು, ಬರವಣಿಗೆಯ ಇಂಗ್ಲಿಷಿನಲ್ಲಿ ಅದೇ ನಿಂತಿತು.

ತಮಾಷೆ ಏನೆಂದರೆ ಕೆಲವು ಡಬಲ್‌ಗಳು ಕಣ್ಣು ತಪ್ಪಿಸಿ ಒಳಗೇ ಉಳಿದವು. ‘ಲೆಸ್’ ಅಂದರೇನೇ ಕಂಪ್ಯಾರೇಟಿವ್. ಅದಕ್ಕೆ ಮತ್ತೆ ‘ಅರ್’ ಸೇರಿಸಿದರೆ ‘ಲೆಸರ್’. ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲಿ ಇದನ್ನು ಕೆಟ್ಟ ರೂಪ ಅಂತ ಬೈದರು. ಬೈದರೂ ಅದು ಹೋಗಲಿಲ್ಲ, ‘ಲೆಸರ್ ಈವಿಲ್’ ಅಂತ ಇವತ್ತಿಗೂ ಎಲ್ಲರೂ ಬರೆಯುತ್ತಾರೆ. ‘ನಿಯರ್’ ಇನ್ನೂ ಮಜಾ. ಹತ್ತಿರ ಅನ್ನುವುದಕ್ಕೆ ಹಳೇ ಪದ ‘ನೈ’. ಅದರ ಕಂಪ್ಯಾರೇಟಿವ್ ರೂಪ ‘ನಿಯರ್’, ‘ಎಲ್ಲಕ್ಕಿಂತ ಹತ್ತಿರ’ ಅನ್ನುವ ಸೂಪರ್ಲೇಟಿವ್ ರೂಪ ‘ನೆಕ್ಸ್ಟ್’. ಜನ ಇದನ್ನು ಮರೆತು ‘ನಿಯರ್’ಗೆ ಮತ್ತೊಂದು ‘ಅರ್’ ಸೇರಿಸಿ ‘ನಿಯರರ್’ ಮಾಡಿದರು. ಹಳೇ ಲೆಕ್ಕದಲ್ಲಿ ಅದು ‘ಹೆಚ್ಚು ಹೆಚ್ಚು ಹತ್ತಿರ’. ಯಾವ ಮೇಷ್ಟರೂ ಅದಕ್ಕೆ ಕೆಂಪು ಗೀಟು ಹಾಕುವುದಿಲ್ಲ. ನಾನೂ ಹಾಕಿಲ್ಲ. ಹಾಗಂತ ‘ನಿಯರರ್ ಇದ್ದರೆ ಮೋರ್ ಬೆಟರ್ ಯಾಕಿಲ್ಲ’ ಅಂತ ಪರೀಕ್ಷೆಯಲ್ಲೋ ಮ್ಯಾನೇಜರ್ ಹತ್ತಿರವೋ ವಾದಕ್ಕೆ ಇಳಿಯಬೇಡಿ. ಅಂಕ ಹೋಗುತ್ತದೆ.

ಕೊನೆಗೆ ‘ದಿ ಸೂನರ್ ದಿ ಬೆಟರ್’. ಕ್ರಿಯಾಪದ ಇಲ್ಲದಿದ್ದರೂ ಇದು ಪೂರ್ತಿ ಮಾತೇ. ಈ ರಚನೆಯಲ್ಲಿ ‘ಈಸ್’, ‘ಆರ್’ ಬಿಟ್ಟರೂ ನಡೆಯುತ್ತದೆ. ‘ದಿ ಬಿಗರ್ ದಿ ಟ್ಯಾಂಕ್, ದಿ ಲಾಂಗರ್ ದಿ ವಾಟರ್ ಲಾಸ್ಟ್ಸ್.’ ಕೆರೆ ದೊಡ್ಡದಾದಷ್ಟೂ ನೀರು ಜಾಸ್ತಿ ದಿನ. ಇಲ್ಲಿ ‘ಟ್ಯಾಂಕ್’ ಆದ ಮೇಲೆ ‘ಈಸ್’ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಕರ್ತೃ ‘ಹೀ’, ‘ಶೀ’, ‘ಇಟ್’ ಆದರೆ ಬಿಡುವಂತಿಲ್ಲ. ‘ದಿ ಓಲ್ಡರ್ ಶೀ’ ಅಂದರೆ ಅರ್ಧಕ್ಕೆ ನಿಂತ ಹಾಗೆ. ‘ದಿ ಓಲ್ಡರ್ ಶೀ ಗೆಟ್ಸ್’ ಅನ್ನಬೇಕು. ‘ಸೂನರ್’ ಮತ್ತು ‘ಬೆಟರ್’ ಜೊತೆಗಂತೂ ಕರ್ತೃ, ಕ್ರಿಯಾಪದ ಎರಡನ್ನೂ ಬಿಟ್ಟು ಹೇಳುವುದೇ ರೂಢಿ. ಕನ್ನಡದಲ್ಲಿ ‘ಬೇಗ ಆದಷ್ಟೂ ಒಳ್ಳೇದು’ ಅನ್ನುವಾಗ ಏನು ಬೇಗ ಆಗಬೇಕು, ಯಾರಿಗೆ ಒಳ್ಳೇದು ಅಂತ ನಾವೂ ಹೇಳುವುದಿಲ್ಲ.

ನಿಮ್ಮ ಮೇಲ್ ವಿಷಯಕ್ಕೆ ಬಂದರೆ, ಮ್ಯಾನೇಜರ್ ತಿದ್ದಿದ ವಾಕ್ಯ ಚೆನ್ನಾಗಿಯೇ ಇದೆ. ಆದರೂ ದಿನಾ ಅದನ್ನೇ ಬರೆಯಬೇಕಿಲ್ಲ. ಒಂದೇ ಲಾಟ್‌ನ ಮಾತಾದರೆ ‘ಇಫ್ ವಿ ಗೆಟ್ ದಿ ಪಾರ್ಟ್ಸ್ ಬೈ ಮಂಡೇ, ವಿ ಕ್ಯಾನ್ ಡಿಸ್ಪ್ಯಾಚ್ ಬೈ ವೆಡ್ನೆಸ್‌ಡೇ’ ಅಂತ ದಿನ ಹಾಕಿ ಬರೆದರೆ ಪಾರ್ಟ್ಸ್ ಕಳಿಸುವವರಿಗೆ ಗಡುವು ಕಾಣುತ್ತದೆ. ‘ದಿ ಸೂನರ್ ದಿ ಬೆಟರ್’ ಅನ್ನು ಮ್ಯಾನೇಜರ್ ನಿಮಗೆ ಕಳಿಸಬಹುದು. ನೀವು ಮ್ಯಾನೇಜರ್‌ಗೆ ಬರೀ ಅಷ್ಟೇ ಬರೆದು ಕಳಿಸಬೇಡಿ. ವ್ಯಾಕರಣ ಸರಿಯಾಗಿಯೇ ಇರುತ್ತದೆ, ಕೇಳುವುದಕ್ಕೆ ಮಾತ್ರ ಗದರಿದ ಹಾಗಿರುತ್ತದೆ.